ಎಡಗೈಯ ಚಮಚ

ಹೊನ್ನಾಳಿ ಪೇಟೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇದೆ. ತಟ್ಟೆ, ಲೋಟ, ಕೊಡ, ಕೊಳಗ, ಈಚೆಗೆ ಕುಕ್ಕರಿನ ರಬ್ಬರು, ಪ್ಲಾಸ್ಟಿಕ್ ಬುಟ್ಟಿ. ಚಮಚಗಳನ್ನು ದಾರಕ್ಕೆ ಪೋಣಿಸಿ ಬಾಗಿಲ ಪಕ್ಕ ತೂಗುಬಿಟ್ಟಿರುತ್ತೇವೆ, ಲಾರಿ ಹೋದರೆ ಕಿಣಿಕಿಣಿ ಅನ್ನುತ್ತವೆ. ಜನ ಕೊಳ್ಳುತ್ತಾರೆ. ಮನೆಗೆ ಒಯ್ದು ಉಪ್ಪಿನಕಾಯಿ ಜಾಡಿಗೊಂದು, ಸಕ್ಕರೆ ಡಬ್ಬಿಗೊಂದು, ತುಪ್ಪದ ಗಿಂಡಿಗೊಂದು ಹಾಕಿಡುತ್ತಾರೆ. ಬಾಯಿಗೆ ಹಾಕಿಕೊಳ್ಳುವವರು ಕಡಿಮೆ. ಚಮಚದಲ್ಲಿ ಉಣ್ಣುವವನು ಒಂದೋ ರೋಗಿ, ಇಲ್ಲಾ ಸಾಹೇಬ ಅಂತ ನಮ್ಮ ಕಡೆ ಹಿರಿಯರು ಆಡಿಕೊಳ್ಳುತ್ತಿದ್ದರು. ನಾನು ಇಷ್ಟು ವರ್ಷ ಮಾರಿದೆನೇ ಹೊರತು ಅದರಲ್ಲಿ ಒಂದು ಹೊತ್ತಿನ ಊಟ ಮಾಡಿದವನಲ್ಲ. ಅಂಥವನ ಮನೆಯಲ್ಲಿ ಒಂದು ಮಗುವಿಗೆ ಚಮಚ ಹಿಡಿಸುವುದು ಅಷ್ಟು ದೊಡ್ಡ ಮಾತಾದೀತು ಅಂತ ಯಾರಿಗೆ ಗೊತ್ತಿತ್ತು.

ಮಗು ಅಂದರೆ ನನ್ನ ಮಗಳ ಮಗಳು. ಎರಡು ತುಂಬಿ ಮೂರಕ್ಕೆ ಬಿದ್ದಿತ್ತು. ಮಗಳಿಗೆ ಜಗಳೂರಿನಲ್ಲಿ ನರ್ಸ್ ಕೆಲಸ. ಅಳಿಯ ನ್ಯಾಮತಿಯವನು, ಅಲ್ಲೇ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಅಂಗಡಿ ಬಿಟ್ಟು ಬರುವ ಹಾಗಿಲ್ಲ. ಹೆಂಡತಿ ಜಗಳೂರಲ್ಲಿ ರೂಮು ಮಾಡಿಕೊಂಡು, ಗಂಡ ನ್ಯಾಮತಿಯಲ್ಲಿ ಅವ್ವನ ಕೈ ಊಟ ಉಣ್ಣುತ್ತಾ, ಮಗು ಹೊನ್ನಾಳಿಯಲ್ಲಿ ನಮ್ಮ ಮಡಿಲಲ್ಲಿ. ಈಗಿನ ಕಾಲದಲ್ಲಿ ಇದು ಯಾರಿಗೂ ಸೋಜಿಗವಲ್ಲ. ಕೆಲಸ ಒಂದು ಕಡೆ, ಒಲೆ ಒಂದು ಕಡೆ, ತೊಟ್ಟಿಲು ಇನ್ನೊಂದು ಕಡೆ.

ಮಗಳು ಶನಿವಾರ ಸಂಜೆ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದಳು. ಬಂದವಳು ಬ್ಯಾಗು ಇಳಿಸುವ ಮೊದಲೇ ಕೈ ಚಾಚಿದರೆ ಮಗು ಅಜ್ಜಿಯ ಸೆರಗಿನ ಹಿಂದೆ ಹೋಗುತ್ತಿತ್ತು. ಮಗಳು ತನ್ನ ತಾಯಿಯನ್ನು ಅವ್ವ ಅನ್ನುವುದನ್ನು ಕೇಳಿ ಕೇಳಿ ಮಗುವೂ ಅಜ್ಜಿಯನ್ನು ಅವ್ವ ಅಂತಲೇ ಕರೆಯುತ್ತಿತ್ತು. ಹೆತ್ತವಳನ್ನು ಏನಂತ ಕರೆಯಬೇಕು ಅಂತ ಅದಕ್ಕೆ ಕೊಂಚ ಗೊಂದಲ. ಕೊನೆಗೆ ತಾನೇ ಒಂದು ಹೆಸರು ಕಟ್ಟಿತು: ಜಗಳೂರವ್ವ. ಓಣಿಯವರೆಲ್ಲ ನಕ್ಕರು. ಮಗಳೂ ನಕ್ಕಳು. ಆಮೇಲೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯತೊಡಗಿದಳು, ಒಗೆಯುವ ಬಟ್ಟೆ ಹೆಚ್ಚೇನೂ ಇರಲಿಲ್ಲ.

ಜಗಳೂರಿನಲ್ಲಿ ಎಲ್ಲರೂ ಬಾಯಿ ಅಂತ ಕರೆಯುವ ಒಬ್ಬ ಹೆಂಗಸು ತಮ್ಮ ಮನೆಯ ಪಡಸಾಲೆಯಲ್ಲೇ ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಮಗಳು ಹೋಗಿ ವಿಚಾರಿಸಿದಳು. ಆಕೆ ಒಳ್ಳೆಯವರೇ, ಆದರೆ ಒಂದು ಕರಾರು ಇಟ್ಟರು: ಮಗು ಚಮಚದಲ್ಲಿ ತಾನೇ ಉಣ್ಣಬೇಕು. ಅಷ್ಟು ಮಕ್ಕಳ ಕೈ ತೊಳೆಸಿ, ಒಂದೊಂದಕ್ಕೂ ಉಣಿಸಿ, ಮತ್ತೆ ತೊಳೆಸುತ್ತಾ ಕೂರಲು ತನಗೆ ಕೈಯೂ ಸಾಲದು, ಊರಲ್ಲಿ ನೀರೂ ಸಾಲದು ಅಂದರಂತೆ. ಯುಗಾದಿ ಕಳೆಯುವವರೆಗೆ ಒಂದು ಜಾಗ ಹಿಡಿದಿರುತ್ತೇನೆ, ಅಷ್ಟರಲ್ಲಿ ಕಲಿಸಿಕೊಂಡು ಬಾ, ಇಲ್ಲವಾದರೆ ಬೇರೆಯವರು ಕಾಯುತ್ತಿದ್ದಾರೆ ಅಂದರಂತೆ.

ಮಗಳು ಆ ಶನಿವಾರ ಬಂದು ಇದನ್ನು ಹೇಳಿದಾಗ ನನ್ನ ಹೆಂಡತಿ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಜಗಳೂರು ಮುದ್ದೆ ಸೀಮೆ, ಚಮಚದಲ್ಲಿ ಮುದ್ದೆ ನುಂಗಲು ಬರುತ್ತದೇನು ಅಂತ ಮಾತ್ರ ಕೇಳಿದಳು. ಮಕ್ಕಳಿಗೆ ಅಲ್ಲಿ ಅನ್ನ, ಉಪ್ಪಿಟ್ಟು, ಕಿಚಡಿ ಕೊಡುತ್ತಾರೆ ಅಂತ ಮಗಳು ತಿಳಿಸಿದಳು. ಹಂಗಾ, ಅಂದಳು ಇವಳು. ರೊಟ್ಟಿ ಹಂಚಿಗೆ ಹೋಯಿತು.

ಕಲಿಸುವ ಕೆಲಸ ಸೋಮವಾರದಿಂದ ಶುರುವಾಯಿತು. ಸಾಮಾನು ಒದಗಿಸುವುದು ನನ್ನ ಪಾಲು. ಮೊದಲು ಹೊಳೆಯುವ ಉದ್ದ ಹಿಡಿಯ ಚಮಚ ತಂದೆ. ಮಗು ಹಿಡಿಯ ತುದಿಯಲ್ಲಿ ಹಿಡಿದರೆ ಇನ್ನೊಂದು ತುದಿ ಎತ್ತಲೋ ಹೋಗುತ್ತಿತ್ತು, ಕಣ್ಣಿಗೆ ಚುಚ್ಚೀತು ಅಂತ ತೆಗೆದಿಟ್ಟೆವು. ಆಮೇಲೆ ಪ್ಲಾಸ್ಟಿಕ್ಕಿನದು, ಅದನ್ನು ಹಲ್ಲಲ್ಲಿ ಕಚ್ಚಿ ತುದಿ ಮುರಿಯಿತು. ಕೊನೆಗೆ ಒಗ್ಗಿದ್ದು ಉಪ್ಪಿನಕಾಯಿ ಜಾಡಿಗೆಂದು ಮಾರುವ ಗಿಡ್ಡ ಹಿಡಿಯ, ಗುಂಡು ತಲೆಯ ಚಮಚ. ಮುಷ್ಟಿಯಲ್ಲಿ ಸರಿಯಾಗಿ ಕೂರುತ್ತಿತ್ತು. ಬಟ್ಟಲು ನೆಲದ ಮೇಲೆ ಜಾರಿ ಓಡುತ್ತಿದ್ದುದಕ್ಕೆ ಕೆಳಗೆ ಒದ್ದೆ ಬಟ್ಟೆ ಹಾಸಿದೆ. ಸಾರನ್ನ ಸೋರುತ್ತದೆ, ಮೊಸರನ್ನ ಅಂಟಿಕೊಳ್ಳುತ್ತದೆ, ಆದ್ದರಿಂದ ಮೊಸರನ್ನ. ಇಷ್ಟೆಲ್ಲ ಅಣಿಯಾಯಿತು. ಮಗು ಮಾತ್ರ ಉಣ್ಣಲಿಲ್ಲ.

ಅದು ಮಾಡುತ್ತಿದ್ದುದು ಇಷ್ಟು. ಚಮಚವನ್ನು ಎಡಗೈಯಲ್ಲಿ ತೆಗೆದುಕೊಳ್ಳುತ್ತಿತ್ತು. ಬಟ್ಟಲಿಂದ ಅನ್ನ ಎತ್ತಿ, ಜೋಪಾನವಾಗಿ ಒಯ್ದು, ಎದುರಿನ ತಟ್ಟೆಯಲ್ಲಿ ಬೋರಲು ಹಾಕುತ್ತಿತ್ತು. ಚಮಚ ಕೆಳಗಿಟ್ಟು, ಬಲಗೈಯಿಂದ ಅನ್ನವನ್ನು ಎರಡು ಸಲ ತಟ್ಟಿ, ಅಜ್ಜಿಯ ಕಡೆ ತಿರುಗಿ ಬಾಯಿ ತೆರೆಯುತ್ತಿತ್ತು. ಅಜ್ಜಿ ಚಮಚವನ್ನು ಬಲಗೈಗೆ ಕೊಟ್ಟರೆ ಮುಷ್ಟಿ ಬಿಚ್ಚಿ ಬೀಳಿಸುತ್ತಿತ್ತು. ಮತ್ತೆ ಕೊಟ್ಟರೆ ಮತ್ತೆ ಎಡಗೈ. ಒಂದೆರಡು ಸಲ ಇವಳು ಎಡಗೈ ಮೇಲೆ ಮೆಲ್ಲಗೆ ಏಟು ಹಾಕಿದಳು. ಅದು ಅಳಲಿಲ್ಲ, ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ಬಾಯಿ ಮಾತ್ರ ತೆರೆದು ಕೂತಿತು. ಸರಿ, ಇವಳು ಅನ್ನ ಕಲಸಿ ತುತ್ತು ಕಟ್ಟಿ ಇಟ್ಟಳು. ಹಸಿದ ಬಾಯಿ ತೆರೆದಿರುವಾಗ ಯಾವ ಹೆಂಗಸಿನ ಕೈ ಸುಮ್ಮನಿರುತ್ತದೆ?

ಆಗ ಕೆರೆಬಿಳಚಿಯಿಂದ ನನ್ನ ಅಕ್ಕ ಬಂದು ಯುಗಾದಿವರೆಗೂ ಇರುತ್ತೇನೆ ಅಂತ ನಮ್ಮಲ್ಲಿ ಉಳಿದಿದ್ದಳು. ನನಗಿಂತ ಬಹಳ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನನ್ನ ಬಾಯಲ್ಲಿ ಬರುವ ಮಾತಿನಲ್ಲಿ ಅರ್ಧ ಆಕೆಯದು, ಇನ್ನರ್ಧ ಆಕೆಗೆ ಕಲಿಸಿದ ನಮ್ಮಜ್ಜಿಯದು. ಗೋಡೆಗೆ ಒರಗಿ ಕಾಲು ನೀಡಿಕೊಂಡು ಇದನ್ನೆಲ್ಲ ನೋಡುತ್ತಿದ್ದ ಅಕ್ಕ ನನ್ನ ಹೆಂಡತಿಗೆ ಹೇಳಿದಳು, “ನೀನು ಹಿಂಗೆ ಕಲಸಿ ಕಲಸಿ ಕೊಡ್ತಾ ಇದ್ರೆ ಅದು ಕಲಿಯೋದು ಯಾವಾಗವ್ವಾ? ಕಲಸೋರು ಬೇರೆ, ಕಲಿಸೋರು ಬೇರೆ.”

ಕಲಸುವವಳು ಇನ್ನೊಂದು ತುತ್ತು ಕಟ್ಟಿದಳು. ನಾನು ನಡುವೆ ಬಾಯಿ ಹಾಕಿ, ಪಾಪ ಆಕೆಯೂ ಪ್ರಯತ್ನ ಮಾಡ್ತಾ ಐದಾಳೆ ಅಂದೆ. ಅಂಗಡಿ ತುಂಬ ಚಮಚ ಇಟ್ಟುಕೊಂಡವನು ಮನೆಯಲ್ಲಿ ಹೆಂಡತಿಗೆ ಚಮಚನೇ ಆಗಿದೀಯಲ್ಲೋ ಅಂತ ಅಕ್ಕ ನನಗೂ ಒಂದು ಕೊಟ್ಟಳು.

ಆ ತಿಂಗಳಲ್ಲೇ ನ್ಯಾಮತಿಗೆ ಊಟಕ್ಕೆ ಹೋಗಬೇಕಾಯಿತು. ಅಳಿಯನ ಮನೆಯಲ್ಲಿ ಏನೋ ಸಣ್ಣ ಪೂಜೆ. ಗೋವಿನಕೋವಿಯಿಂದ ಅವರ ನಂಟರೂ ಬಂದಿದ್ದರು. ಪಂಕ್ತಿಯಲ್ಲಿ ಕೂರಿಸಿದಾಗ ಮಗುವಿನ ಮುಂದೆ ಯಾರೋ ಪಾಯಸದ ಬಟ್ಟಲು, ಅದರೊಳಗೆ ಚಮಚ ಇಟ್ಟರು. ಮಗು ಎಡಗೈ ಚಾಚಿತು. ಇಡೀ ಸಾಲು ನೋಡಿತು. ಅಳಿಯನ ತಾಯಿ ಮಾತಿಗೆ ಒಳ್ಳೆಯವಳೇ, ನಗುನಗುತ್ತಲೇ ಅಂದಳು, “ಏನ್ರೀ ಬೀಗಿತ್ತಿ, ಹೊನ್ನಾಳಿ ಕಡೆ ಈಗ ಎಡಗೈಲಿ ಉಣ್ಣಾಕೆ ಶುರು ಮಾಡ್ಯಾರೇನು? ಹೆಣ್ಣು ಕೂಸು, ನಾಳೆ ಕೊಟ್ಟ ಮನ್ಯಾಗೆ ನಮ್ಮನ್ನ ಅಂತಾರೆ.”

ಎಲೆ ಮುಂದೆ ಜಗಳ ಬೇಡ ಅಂತ ಇವಳೂ ನಕ್ಕಳು. ಮನೆಗೆ ಬಂದು ಆ ಗಿಡ್ಡ ಚಮಚವನ್ನು ತೊಳೆದು, ಒರೆಸಿ, ಮೇಲಿನ ಗೂಡಿನಲ್ಲಿ ಇಟ್ಟುಬಿಟ್ಟಳು. ಮಗು ಎಡಚ, ದೊಡ್ಡದಾದ ಮೇಲೆ ನೋಡೋಣ ಅಂದಳು. ಹೇಳಿದ ಧ್ವನಿಯಲ್ಲಿ ಬೇಸರ ಇತ್ತು. ಬೇಸರದ ಅಡಿಯಲ್ಲಿ ಒಂದು ನೆಮ್ಮದಿಯೂ ಇತ್ತು ಅಂತ ನನಗೆ ಅನಿಸಿತು. ಮೂವತ್ತೈದು ನಲವತ್ತು ವರ್ಷ ಒಂದೇ ಸೂರಿನಡಿ ಬದುಕಿದ ಮೇಲೆ ಧ್ವನಿಯ ಅಡಿಯಲ್ಲಿ ಇರುವುದೂ ಕೇಳಿಸುತ್ತದೆ. ಮಗು ಚಮಚ ಕಲಿತರೆ ಜಗಳೂರಿಗೆ ಹೋಗುತ್ತದೆ. ಕಲಿಯದಿದ್ದರೆ ಇಲ್ಲಿರುತ್ತದೆ. ಇವಳು ಇಡುತ್ತಿದ್ದ ಒಂದೊಂದು ತುತ್ತೂ ಮಗುವನ್ನು ಇಲ್ಲೇ ಹಿಡಿದಿಡುತ್ತಿತ್ತು. ಅದನ್ನು ಇವಳು ಬೇಕಂತ ಮಾಡುತ್ತಿದ್ದಳು ಅಂತ ನಾನು ಹೇಳಲಾರೆ. ಬೇಡ ಅಂತಲೂ ಮಾಡುತ್ತಿರಲಿಲ್ಲ.

ಗುಟ್ಟು ಬಿಚ್ಚಿದ್ದು ಮಗಳು. ಒಂದು ಭಾನುವಾರ ಮಧ್ಯಾಹ್ನ ಗಂಡಸರದು ಆಗಿ, ಹೆಂಗಸರು ಊಟಕ್ಕೆ ಕೂತಿದ್ದರು. ನಾನು ಪಡಸಾಲೆಯಲ್ಲಿ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಒರಗಿದ್ದೆ. ನಮ್ಮ ಮನೆಗಳಲ್ಲಿ ಹೆಂಗಸರ ಊಟ ನಿಮಗೂ ಗೊತ್ತು. ಬಡಿಸಲು ಯಾರೂ ಉಳಿದಿರುವುದಿಲ್ಲ, ಪಾತ್ರೆಗಳನ್ನು ಸುತ್ತ ಇಟ್ಟುಕೊಂಡು ತಮಗೆ ತಾವೇ ಹಾಕಿಕೊಳ್ಳುತ್ತಾರೆ. ಬಲಗೈ ಎಂಜಲು, ಅದು ಸೌಟು ಮುಟ್ಟುವ ಹಾಗಿಲ್ಲ. ಸೌಟಿಗೆ ಎಡಗೈ. ಯಾರೂ ಹೇಳಿಕೊಡಬೇಕಾಗಿಲ್ಲ, ಕಣ್ಣು ಬಿಟ್ಟಾಗಿನಿಂದ ನೋಡಿದ್ದು. ನನ್ನ ಹೆಂಡತಿ ಮಾತಾಡುತ್ತಾ ಮಾತಾಡುತ್ತಾ ಎಡಗೈಯಲ್ಲಿ ಸೌಟು ಎತ್ತಿ ಸಾರು ಹಾಕಿಕೊಂಡಳು. ಪಕ್ಕದಲ್ಲಿ ಕೂತಿದ್ದ ಮಗು ಅದೇ ಹೊತ್ತಿಗೆ ಎಡಗೈಯಲ್ಲಿ ಉಪ್ಪಿನಕಾಯಿ ಜಾಡಿಯ ಚಮಚ ಎತ್ತಿ, ಏನೂ ಇಲ್ಲದ ತನ್ನ ತಟ್ಟೆಗೆ ಸುರಿದುಕೊಂಡಿತು. ಸೌಟಿನ ತುದಿಯ ಹನಿಯನ್ನು ಇವಳು ಪಾತ್ರೆಯ ಅಂಚಿಗೆ ಒರೆಸಿದಳು. ಮಗುವೂ ಚಮಚವನ್ನು ಅಂಚಿಗೆ ಒರೆಸಿತು.

ಮಗಳು ಊಟ ನಿಲ್ಲಿಸಿದಳು. ಮಗುವಿನ ಕೈಗೆ ಒಂದಿಷ್ಟು ಮಂಡಕ್ಕಿ ಕೊಡು ಅಂತ ನನ್ನ ಅಕ್ಕನಿಗೆ ಹೇಳಿದಳು. ಮಗು ಮಂಡಕ್ಕಿಯನ್ನು ಬಲಗೈಯಲ್ಲಿ ಒಂದೊಂದೇ ಹೆಕ್ಕಿ ಬಾಯಿಗೆ ಹಾಕಿಕೊಂಡಿತು. ಚೆಂಡು ಕೊಟ್ಟರೆ ಬಲಗೈಯಲ್ಲಿ ಎಸೆಯಿತು.

“ಅವ್ವಾ, ಇದು ಎಡಚ ಅಲ್ಲ,” ಅಂದಳು ಮಗಳು. “ಇದು ಬಡಿಸ್ಕೊಳ್ತಾ ಐತೆ. ನಿನ್ನ ನೋಡಿ.”

ಅಷ್ಟೇ ಸಂಗತಿ. ಚಮಚ ಅಂದರೆ ಆ ಮಗುವಿನ ಲೆಕ್ಕದಲ್ಲಿ ಸಣ್ಣ ಸೌಟು. ಸೌಟನ್ನು ಯಾರಾದರೂ ಬಾಯಿಗೆ ಹಾಕಿಕೊಳ್ಳುತ್ತಾರೆಯೇ? ಬಲಗೈಯಲ್ಲಿ ಹಿಡಿಯುತ್ತಾರೆಯೇ? ನಾವು ಇಷ್ಟು ದಿನ ಪದ್ಧತಿ ಗೊತ್ತಿಲ್ಲದ ಕೂಸು ಅಂತ ಗದರಿಸುತ್ತಿದ್ದೆವು, ಅದು ನಮ್ಮ ಪದ್ಧತಿಯನ್ನೇ ಚಾಚೂ ತಪ್ಪದೆ ಪಾಲಿಸುತ್ತಿತ್ತು. ಬಲಗೈಗೆ ಚಮಚ ತುರುಕಿದಾಗ ಅದು ಬಿಟ್ಟುಬಿಡುತ್ತಿದ್ದುದು ಹಟದಿಂದಲ್ಲ, ಎಂಜಲಗೈಯಲ್ಲಿ ಸೌಟು ಮುಟ್ಟಬಾರದು ಅಂತ. ಅಕ್ಕ ನಕ್ಕು ನಕ್ಕು ಕೆಮ್ಮು ಬಂದು ನೀರು ಕುಡಿದಳು. ಇಷ್ಟು ಆಚಾರ ನಮ್ಮ ಸೊಸೆಯಂದಿರಿಗೇ ಇಲ್ಲವಲ್ಲೇ ಅಂದಳು.

ನಗು ಮುಗಿದ ಮೇಲೆ ಮಗಳು ದಾರಿಯೂ ಹೇಳಿದಳು. ಮಗು ನೋಡುವುದು ಅಜ್ಜಿಯನ್ನು, ಆದ್ದರಿಂದ ಅಜ್ಜಿಯೇ ಅದರ ಮುಂದೆ ಕೂತು ಬಲಗೈಯಲ್ಲಿ ಚಮಚ ಹಿಡಿದು ಉಣ್ಣಬೇಕು. ನನ್ನ ಹೆಂಡತಿ ಅನ್ನ ಕಲಸುತ್ತಲೇ ಇದ್ದಳು. ನೋಡೋಣ ಅಂದಳು.

ಆ ವಾರ ನೋಡುವುದರಲ್ಲೇ ಕಳೆಯಿತು. ಇವಳು ನನ್ನನ್ನು ಮುಂದಕ್ಕೆ ತಳ್ಳಿದಳು. ಪಾತ್ರೆ ಮಾರುವವರು ನೀವು, ನೀವೇ ತೋರಿಸ್ರಿ ಅಂದಳು. ನಾನು ಅಂಗಡಿಯಿಂದ ಮಧ್ಯಾಹ್ನ ಬಂದು ಮಗುವಿನ ಎದುರು ಕೂತು ಚಮಚದಲ್ಲಿ ಸಾರನ್ನ ಉಂಡೆ. ಅನ್ನದ ಬಿಸಿ ಬೆರಳಿಗೆ ತಿಳಿಯದೆ ನೇರ ನಾಲಗೆಗೇ ತಿಳಿಯಿತು. ಸ್ಟೀಲಿನ ರುಚಿ, ಸಾರಿನ ರುಚಿ, ಎರಡೂ ಬೇರೆಬೇರೆ ಬಂದವು. ಮಗು ಇದನ್ನು ನಾಟಕ ಅಂದುಕೊಂಡಿತು. ಚಪ್ಪಾಳೆ ತಟ್ಟಿ, ಇನ್ನೊಂದು ಸಲ ಅಂತ ಬೇಡಿತು. ಅಕ್ಕನೂ ಒಂದು ತುತ್ತು ಪ್ರಯತ್ನಿಸಿ, ತಗಡು ನೆಕ್ಕಿದ ಹಾಗಾಯ್ತು ಅಂತ ಚಮಚ ಕೆಳಗಿಟ್ಟು ಬಾಯಿ ಮುಕ್ಕಳಿಸಿದಳು. ಮಗು ನಮ್ಮಿಬ್ಬರನ್ನೂ ನೋಡಿ ಮುಗಿಸಿ ಅಜ್ಜಿಯ ಕಡೆ ತಿರುಗಿ ಬಾಯಿ ತೆರೆಯಿತು. ಅಜ್ಜಿಯ ಕೈಯಲ್ಲಿ ತುತ್ತು ತಯಾರಿತ್ತು.

ಯುಗಾದಿ ಹತ್ತಿರ ಬಂತು. ಜಗಳೂರಿನ ಆ ಬಾಯಿ ಮಗಳನ್ನು ಮತ್ತೊಮ್ಮೆ ಕೇಳಿದ್ದರಂತೆ. ಮಗಳು ಅದನ್ನು ನಮಗೆ ಹೇಳಿದ್ದು ಬುಧವಾರವೋ ಗುರುವಾರವೋ, ಫೋನಿನಲ್ಲಿ. ಬೈಯಲಿಲ್ಲ, ಅವಸರಪಡಿಸಲಿಲ್ಲ. ಡ್ಯೂಟಿ ಮುಗಿಸಿ ರೂಮಿಗೆ ಬಂದು ಅನ್ನಕ್ಕಿಟ್ಟು ಮಾತಾಡುತ್ತಿದ್ದಳು. ಇವಳು ಫೋನನ್ನು ಸ್ಪೀಕರಿಗೆ ಹಾಕಿ ಹೂ ಕಟ್ಟುತ್ತಿದ್ದಳು, ಹಾಗಾಗಿ ನನಗೂ ಕೇಳಿಸಿತು.

“ಅವ್ವಾ, ನಿನ್ನೆ ವಿಡಿಯೋದಾಗೆ ಅದು ನನ್ನ ನೋಡಿ, ಫೋನ್ ತಗೊಂಡೋಗಿ ನಿನ್ ಕೈಗೆ ಕೊಟ್ಟು ಆಡಾಕೆ ಹೋಯ್ತು. ನಿನಗೆ ಬಂದ ಫೋನು ಅಂತ ತಿಳ್ಕೊಂಡೈತೆ.” ಆಮೇಲೆ, “ನೀನು ನನ್ನ ಹಿಂಗೆ ಬಿಟ್ಟಿದ್ರೆ ನಾನೂ ಹಂಗೇ ಮಾಡ್ತಿದ್ದೆ ಬಿಡು. ಕೂಸಿಂದೇನು ತಪ್ಪೈತೆ.”

ಹೂವಿನ ದಾರ ನಿಂತಿತು. ಇವಳು ಏನೋ ಹೇಳಬೇಕು ಅಂತ ಬಾಯಿ ತೆರೆದು, ಅನ್ನ ಉಕ್ಕೀತು ನೋಡು ಹೋಗು ಅಂತ ಮಗಳಿಗೆ ಹೇಳಿ ಫೋನ್ ಇಟ್ಟಳು. ಅರ್ಧ ಕಟ್ಟಿದ ಮಾಲೆಯನ್ನು ಹಾಗೇ ಬುಟ್ಟಿಗೆ ಹಾಕಿದಳು.

ಮರುದಿನ ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಇವಳು ಮಗುವಿನ ಎದುರು ಆಗಲೇ ಕೂತಿದ್ದಳು. ಗೂಡಿನಿಂದ ಗಿಡ್ಡ ಚಮಚ ಇಳಿದಿತ್ತು. ತನಗೂ ಅಂಥದೇ ಒಂದು ಇಟ್ಟುಕೊಂಡಿದ್ದಳು. ನನ್ನನ್ನು ನೋಡಿ, ಕೈಕಾಲು ತೊಳೆದು ಬಂದು ನನಗೆ ಬಡಿಸ್ರಿ ಅಂದಳು. ಯಾಕೆ ಅಂತ ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು. ತಾನೇ ಹಾಕಿಕೊಂಡರೆ ಸೌಟು ಎಡಗೈಗೆ ಹೋಗುತ್ತದೆ, ಮಗು ನೋಡುತ್ತದೆ. ಹಾಗಾಗಿ ಬಡಿಸುವ ಕೆಲಸ ನನಗೆ ಬಂತು. ಎಷ್ಟು ಅನ್ನಕ್ಕೆ ಎಷ್ಟು ಸಾರು ಅನ್ನುವ ಅಂದಾಜು ನನಗಿಲ್ಲ. ತಟ್ಟೆ ಕೆರೆಯಾಯಿತು. ಇಷ್ಟು ವರ್ಷ ಉಂಡ ಮನುಷ್ಯನಿಗೆ ಬಡಿಸಾಕೆ ಬರಲ್ಲ ನೋಡು ಅಂತ ಅಕ್ಕ ಗೋಡೆಯ ಕಡೆಯಿಂದ ಒಗ್ಗರಣೆ ಹಾಕಿದಳು.

ನನ್ನ ಹೆಂಡತಿ ಬಲಗೈಯಲ್ಲಿ ಚಮಚ ಹಿಡಿದಳು. ಪೆನ್ನು ಹಿಡಿದಂತೆ ಹಿಡಿದು, ಅದು ಸರಿಬರದೆ, ಮಗು ಹಿಡಿಯುವ ಹಾಗೆ ಮುಷ್ಟಿ ಮಾಡಿ ಹಿಡಿದಳು. ಕಲಸಲು ಹೋದಳು, ಅನ್ನ ತಟ್ಟೆಯಾಚೆ ಹಾರಿತು. ಮೊದಲನೆಯದು ಹಲ್ಲಿಗೆ ಬಡಿಯಿತು, ಎರಡನೆಯದರಲ್ಲಿ ಅರ್ಧ ಸೀರೆಯ ಮೇಲೆ ಬಿತ್ತು. ಮುಖದಲ್ಲಿ ನಗುವೂ ಇರಲಿಲ್ಲ, ಬೇಜಾರೂ ಇರಲಿಲ್ಲ, ಸೂಜಿಗೆ ದಾರ ಪೋಣಿಸುವಾಗಿನ ಮುಖ ಅದು. ಮಗು ಬಾಯಿ ತೆರೆಯುವುದನ್ನೇ ಮರೆತು ನೋಡಿತು. ತಾತ ಮಾಡಿದರೆ ಆಟ, ಅವ್ವ ಮಾಡಿದರೆ ಪದ್ಧತಿ. ಹೊಸ ಪದ್ಧತಿ ಬಂದಿದೆ ಅಂತ ಅದಕ್ಕೆ ತಿಳಿದದ್ದು ಅದರ ಹುಬ್ಬಿನಲ್ಲೇ ಕಾಣುತ್ತಿತ್ತು.

ಆ ದಿನ ಅದು ಉಣ್ಣಲಿಲ್ಲ. ತುತ್ತಿಗೆ ಬಾಯಿ ತೆರೆದಾಗ ಇವಳು ಕೈ ಎತ್ತಲಿಲ್ಲ, ತನ್ನ ಚಮಚದಲ್ಲಿ ತಾನು ಉಣ್ಣುತ್ತಿದ್ದಳು. ಅತ್ತಿತು. ಅಳು ಕೇಳಿ ಪಕ್ಕದ ಮನೆಯವಳು ಇಣುಕಿ ಹೋದಳು. ಸಂಜೆ ಹಾಲು ಕುಡಿದು ಮಲಗಿತು. ಮರುದಿನ ಎಡಗೈಯಲ್ಲಿ ಚಮಚ ಎತ್ತಿಕೊಂಡು, ಅಜ್ಜಿಯ ಕೈ ನೋಡಿ, ತನ್ನ ಕೈ ನೋಡಿ, ಬಲಗೈಗೆ ದಾಟಿಸಿತು. ಬಾಯಿಯವರೆಗೆ ಸರಿಯಾಗಿ ಬಂದು, ತುಟಿಯ ಹತ್ತಿರ ಮಣಿಕಟ್ಟು ತಿರುಗಿ, ಇದ್ದದ್ದೆಲ್ಲ ಎದೆಯ ಮೇಲೆ. ಖಾಲಿ ಚಮಚ ನೆಕ್ಕಿತು. ಅದೇ ತುಪ್ಪದಂತೆ ರುಚಿಯಾಯಿತೋ ಏನೋ, ಮತ್ತೆ ಬಗ್ಗಿತು. ಇವಳು ಎದೆ ಒರೆಸಲಿಲ್ಲ, ಭೇಷ್ ಅನ್ನಲೂ ಇಲ್ಲ. ಎದುರು ಕೂತು ಉಣ್ಣುತ್ತಾ ಹೋದಳು. ಹೀಗೆ ಇಬ್ಬರೂ ಒಟ್ಟಿಗೆ ಚೆಲ್ಲಿ, ಒಟ್ಟಿಗೆ ಕಲಿತರು. ಮನೆಯ ಇರುವೆಗಳಿಗೆ ಆ ದಿನಗಳಲ್ಲಿ ಸುಗ್ಗಿ.

ಹಬ್ಬಕ್ಕೆ ಮಗಳು ಬಂದಳು, ಅಳಿಯನೂ ಬಂದ. ಮಗು ಮೊಸರನ್ನ ಉಣ್ಣುತ್ತಿತ್ತು, ಹತ್ತು ಅಗುಳಲ್ಲಿ ಆರು ಒಳಗೆ. ಮಗಳು ಹೊಸ್ತಿಲಲ್ಲೇ ನಿಂತಳು. ಬ್ಯಾಗು ಹೆಗಲಲ್ಲೇ ಇತ್ತು. ಹತ್ತಿರ ಹೋದರೆ ಎಲ್ಲಿ ನಿಲ್ಲಿಸಿಬಿಡುತ್ತದೋ ಅಂತ ಅಲ್ಲಿಂದಲೇ ಬಟ್ಟಲು ಖಾಲಿಯಾಗುವವರೆಗೂ ನೋಡಿದಳು. ಯಾರು ಕಲಿಸಿದರು ಅಂತ ಕೇಳಿದ್ದಕ್ಕೆ, ಅದೇ ಕಲಿತುಕೊಂಡಿತು ಅಂದಳು ಇವಳು. ಅಕ್ಕ ಏನೋ ಹೇಳಲು ಹೊರಟಿದ್ದಳು, ಇವಳು ಆಕೆಯ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು.

ಹಬ್ಬದ ಮರುದಿನ ಬೆಳಗಿನ ಬಸ್ಸಿಗೆ ತಾಯಿ ಮಗು ಹೊರಟರು. ದಾವಣಗೆರೆವರೆಗೆ ಅಳಿಯ ಜೊತೆಗೆ. ಸ್ಟ್ಯಾಂಡಿನಲ್ಲಿ ಮಗು ಕಿಟಕಿ ಪಕ್ಕ ಕೂತು ಅಜ್ಜಿಯೂ ಹತ್ತುತ್ತಾಳೆ ಅಂತ ಕಾದಿತ್ತು. ಬಸ್ಸು ಹೊರಟಾಗ ಅತ್ತಿತೋ ಇಲ್ಲವೋ ನಮಗೆ ಕೇಳಿಸಲಿಲ್ಲ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ನಾನು ಹಾಗೇ ಅಂಗಡಿಗೆ ಹೋಗಿ ಬಾಗಿಲು ತೆಗೆದೆ. ಇವಳು ಮನೆಗೆ ಹೋಗಿ, ಹಬ್ಬದಲ್ಲಿ ಉಳಿದಿದ್ದ ಪಾತ್ರೆ ತೊಳೆದಳಂತೆ.

ಮೊದಲ ಒಂದೆರಡು ದಿನ ಮಗಳು ರಜೆ ಹಾಕಿ ಮಗುವಿನ ಜೊತೆಗೇ ಇದ್ದಳು. ಅದು ಬಾಯಿಯ ಪಡಸಾಲೆಯಲ್ಲಿ ತಾಯಿಯಿಲ್ಲದೆ ಉಂಡ ಮೊದಲ ದಿನ ಮಧ್ಯಾಹ್ನ ಫೋನ್ ಬಂತು. ನಾನು ಊಟಕ್ಕೆ ಕೂತಿದ್ದೆ. ಆ ಬಾಯಿ ಮಗಳಿಗೆ ಹೇಳಿ, ಮಗಳು ನಮಗೆ ಹೇಳಿದ ಸುದ್ದಿ: ಉಪ್ಪಿಟ್ಟು ಇತ್ತು, ತಾನೇ ಉಂಡಿತು, ಅರ್ಧ ಒಳಗೆ ಅರ್ಧ ಹೊರಗೆ, ಅಳಲಿಲ್ಲ. ಸಂಜೆ ಕರೆತರಲು ಹೋದಾಗ ಅದು ಬಾಗಿಲಲ್ಲೇ ಕಾದಿರುತ್ತದೆ, ರಾತ್ರಿ ಮತ್ತೆ ಫೋನ್ ಮಾಡಿ ಹೇಳುತ್ತೇನೆ ಅಂದಳು, ಇನ್ನೂ ಆಗದ್ದನ್ನು ಆಗಲೇ ನಂಬಿಬಿಟ್ಟಿದ್ದಳು.

ಇವಳು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು.

“ಚೆಲ್ಲಿದ್ದಕ್ಕೆ ಬೈಬ್ಯಾಡಿ ಅಂತ ಆ ಬಾಯಿಗೆ ಹೇಳು. ನನಗೂ ಎದಿ ಮ್ಯಾಲೆ ಚೆಲ್ಲೈತೆ.”